ಶಾಖ ಎಷ್ಟು ಎತ್ತರದಿಂದ ಹೊರಬೀಳುತ್ತದೆ?

ಹಸಿರುಮನೆ ಪರಿಣಾಮವನ್ನು ತೋರಿಸುವುದಕ್ಕೆಂದು ಶಾಲೆಗಳಲ್ಲಿ ಮಾಡಿಸುವ ಒಂದು ಪ್ರಯೋಗವಿದೆ. ಎರಡು ಬಾಟಲಿ, ಎರಡು ಥರ್ಮಾಮೀಟರ್, ಎದುರಿಗೊಂದು ಬಲ್ಬು. ಒಂದು ಬಾಟಲಿಯಲ್ಲಿ ಬರೀ ಗಾಳಿ. ಇನ್ನೊಂದರಲ್ಲಿ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಬರಿಸಿದ ಇಂಗಾಲದ ಡೈಆಕ್ಸೈಡ್. ಬಲ್ಬು ಹೊತ್ತಿಸಿ ಸ್ವಲ್ಪ ಹೊತ್ತು ಬಿಟ್ಟರೆ ಎರಡನೆಯ ಬಾಟಲಿ ಹೆಚ್ಚು ಬಿಸಿಯಾಗಿರುತ್ತದೆ. ಮಕ್ಕಳು ಅಂಕಿ ಬರೆದುಕೊಳ್ಳುತ್ತಾರೆ, ಪಾಠ ಮುಗಿಯುತ್ತದೆ.

ಬಿಸಿಯಾಗುವುದು ನಿಜ. ಕಾರಣ ಮಾತ್ರ ಬೇರೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಅದು ಬಾಟಲಿಯ ತಳದಲ್ಲಿ ಕುಳಿತುಬಿಡುತ್ತದೆ, ಮೇಲಿನ ಗಾಳಿಯ ಜೊತೆ ಸುಲಭಕ್ಕೆ ಬೆರೆಯುವುದಿಲ್ಲ. ಬಿಸಿಯಾದ ಅನಿಲ ಮೇಲೇರಿ ತಣ್ಣಗಾಗುವ ದಾರಿ ಮುಚ್ಚುವುದರಿಂದ ಥರ್ಮಾಮೀಟರ್ ಏರುತ್ತದೆ. ಇಂಗಾಲದ ಡೈಆಕ್ಸೈಡ್ ಬದಲು ಆರ್ಗಾನ್ ತುಂಬಿಸಿ ನೋಡಿದರೂ ಬಹುತೇಕ ಅಷ್ಟೇ ಬಿಸಿ ಬರುತ್ತದೆ. ಆರ್ಗಾನ್ ಶಾಖದ ಕಿರಣಗಳನ್ನು ಹೀರುವುದೇ ಇಲ್ಲ. ಅದು ಬರೀ ಭಾರದ ಅನಿಲ. ಅದೂ ಅಲ್ಲದೆ, ತಂತಿ ಕಾಯುವ ಬಲ್ಬು ಹೊರಸೂಸುವುದು ಬಹುಮಟ್ಟಿಗೆ 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಆಸುಪಾಸಿನ ತರಂಗಗಳನ್ನು. ಭೂಮಿ ಹೊರಸೂಸುವುದು 10 ಮೈಕ್ರಾನ್ ಆಸುಪಾಸಿನದನ್ನು. ಆ ಉದ್ದದ ತರಂಗಗಳನ್ನು ಬಾಟಲಿಯ ಗಾಜೇ ತಡೆದುಬಿಡುತ್ತದೆ, ಒಳಗಿನ ಅನಿಲದವರೆಗೆ ಬಿಡುವುದಿಲ್ಲ.

1859ರಲ್ಲಿ ಭೌತವಿಜ್ಞಾನಿ ಜಾನ್ ಟಿಂಡಲ್ ಈ ತೊಡಕನ್ನು ಸರಿಯಾಗಿ ಗುರುತಿಸಿದ್ದರು. ಅವರು ಹಿತ್ತಾಳೆಯ ಕೊಳವೆಯ ಎರಡೂ ತುದಿಗೆ ಗಾಜಿನ ಬದಲು ಕಲ್ಲುಪ್ಪಿನ ಬಿಲ್ಲೆಗಳನ್ನು ಕೂರಿಸಿದರು, ಏಕೆಂದರೆ ಕಲ್ಲುಪ್ಪಿನ ಮೂಲಕ ಶಾಖದ ಕಿರಣಗಳು ಹಾದುಹೋಗುತ್ತವೆ. ಬಿಸಿಗೆ ಕುದಿನೀರು ತುಂಬಿದ ಲೋಹದ ಪೆಟ್ಟಿಗೆ, ಅಳೆಯಲು ಥರ್ಮೋಪೈಲ್, ಅಂದರೆ ಶಾಖವನ್ನು ವಿದ್ಯುತ್ತಾಗಿಸಿ ತೋರಿಸುವ ಸಾಧನ. ಸಾರಜನಕ, ಆಮ್ಲಜನಕಗಳು ಶಾಖವನ್ನು ಹಾದುಹೋಗಲು ಬಿಡುತ್ತವೆ, ನೀರಾವಿ, ಇಂಗಾಲದ ಡೈಆಕ್ಸೈಡ್‌ಗಳು ಹಿಡಿಯುತ್ತವೆ ಎಂದು ಅಳತೆಯಿಂದ ತೋರಿಸಿದ್ದು ಈ ಕೊಳವೆ. ಮೂರು ವರ್ಷ ಮೊದಲು, 1856ರಲ್ಲಿ, ಯೂನಿಸ್ ಫುಟ್ ಎಂಬಾಕೆ ಬಿಸಿಲಲ್ಲಿ ಗಾಜಿನ ಕೊಳವೆಗಳನ್ನಿಟ್ಟು ಇಂಗಾಲದ ಡೈಆಕ್ಸೈಡ್ ಹೆಚ್ಚು ಬಿಸಿಯಾಗುವುದನ್ನು ಗಮನಿಸಿ, ಗಾಳಿಯಲ್ಲಿ ಇದರ ಪಾಲು ಹೆಚ್ಚಿದ್ದ ಕಾಲದಲ್ಲಿ ಭೂಮಿ ಹೆಚ್ಚು ಬೆಚ್ಚಗಿದ್ದಿರಬೇಕು ಎಂದು ಬರೆದಿದ್ದರು. ಊಹೆ ಸರಿಯಿತ್ತು. ಆದರೆ ಆ ಸಾಧನದಲ್ಲೂ ಬಾಟಲಿಯ ತೊಂದರೆಯೇ ಇತ್ತು.

ಹಾಗಾದರೆ ವಾತಾವರಣದಲ್ಲಿ ನಿಜಕ್ಕೂ ಏನು ನಡೆಯುತ್ತದೆ? ಲೆಕ್ಕದಿಂದ ಶುರು ಮಾಡೋಣ.

ವಾತಾವರಣದ ಹೊರಗೆ, ಸೂರ್ಯನಿಗೆ ನೇರ ಮುಖ ಮಾಡಿದ ಒಂದು ಚದರ ಮೀಟರ್ ಜಾಗಕ್ಕೆ 1,361 ವ್ಯಾಟ್ ಬೀಳುತ್ತದೆ. ಗುಂಡಗಿನ ಭೂಮಿಯ ಮೇಲೆಲ್ಲ, ಹಗಲು ರಾತ್ರಿ ಸೇರಿಸಿ, ಅದನ್ನು ಹರಡಿದರೆ ನಾಲ್ಕರಲ್ಲೊಂದು ಭಾಗ, ಅಂದರೆ 340 ವ್ಯಾಟ್. ಇದರಲ್ಲಿ ಶೇ. 30ರಷ್ಟನ್ನು ಮೋಡ, ಹಿಮ, ಮರುಭೂಮಿಗಳು ಪ್ರತಿಫಲಿಸಿ ವಾಪಸು ಕಳಿಸುತ್ತವೆ. ಉಳಿದ 240 ವ್ಯಾಟ್ ಭೂಮಿಗೆ ದಕ್ಕುತ್ತದೆ. ಬಂದಷ್ಟೂ ಹೊರಗೆ ಹೋಗಲೇಬೇಕು, ಇಲ್ಲದಿದ್ದರೆ ಭೂಮಿ ಕಾಯುತ್ತಲೇ ಇರುತ್ತದೆ. ಚದರ ಮೀಟರಿಗೆ 240 ವ್ಯಾಟ್ ಹೊರಸೂಸುವ ವಸ್ತುವಿನ ಉಷ್ಣತೆ ಎಷ್ಟಿರಬೇಕು ಎಂದು ಸ್ಟೆಫಾನ್-ಬೋಲ್ಟ್ಸ್‌ಮನ್ ನಿಯಮ ಹಾಕಿದರೆ ಬರುವ ಉತ್ತರ ಮೈನಸ್ 18 ಡಿಗ್ರಿ ಸೆಲ್ಸಿಯಸ್. ಆದರೆ ನೆಲಮಟ್ಟದ ಜಾಗತಿಕ ಸರಾಸರಿ 15 ಡಿಗ್ರಿ ಆಸುಪಾಸಿನಲ್ಲಿದೆ. ನಡುವಿನ 33 ಡಿಗ್ರಿ ವ್ಯತ್ಯಾಸ ಹಸಿರುಮನೆ ಅನಿಲಗಳ ಮತ್ತು ಮೋಡಗಳ ಕೆಲಸ.

ಒಣಗಾಳಿಯಲ್ಲಿ ಶೇ. 78 ಸಾರಜನಕ, ಶೇ. 21 ಆಮ್ಲಜನಕ, ಶೇ. 0.93 ಆರ್ಗಾನ್. ಇವುಗಳಿಗೂ ಭೂಮಿಯ ಶಾಖಕ್ಕೂ ಸಂಬಂಧವೇ ಇಲ್ಲವೆನ್ನಬಹುದು. ಅವಕೆಂಪು (ಇನ್‌ಫ್ರಾರೆಡ್) ಕಿರಣವನ್ನು, ಅಂದರೆ ಶಾಖದ ಕಿರಣವನ್ನು, ಹೀರಬೇಕಾದರೆ ಅಣು ಕಂಪಿಸುವಾಗ ಅದರ ವಿದ್ಯುದಾವೇಶದ ಹಂಚಿಕೆ ಅತ್ತಿತ್ತ ವಾಲಬೇಕು. ಎರಡು ಒಂದೇ ಬಗೆಯ ಪರಮಾಣುಗಳು ಹತ್ತಿರವಾಗಿ ದೂರವಾದರೆ ಏನೂ ವಾಲುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮೂರು ಪರಮಾಣುಗಳ ಸಾಲು. ನಡುವೆ ಇಂಗಾಲ, ಎರಡು ಬದಿಗೆ ಆಮ್ಲಜನಕ. ಈ ಸಾಲು ನಡುವಿನಲ್ಲಿ ಬಾಗಿ ನೆಟ್ಟಗಾಗುವ ಕಂಪನಕ್ಕೆ 15 ಮೈಕ್ರಾನ್ ತರಂಗ ಹೊಂದುತ್ತದೆ. ಭೂಮಿ ಹೇರಳವಾಗಿ ಶಾಖ ಹೊರಸೂಸುವ ವ್ಯಾಪ್ತಿಯ ಒಳಗೇ ಅದು ಬೀಳುತ್ತದೆ. ಇದೇ ಅಣುವಿಗೆ 4.3 ಮೈಕ್ರಾನಿನಲ್ಲಿ ಇನ್ನೂ ಬಲವಾದ ಹೀರಿಕೆಯಿದೆ. ಆದರೆ ಅಲ್ಲಿ ಭೂಮಿಯಿಂದಲೂ ಸೂರ್ಯನಿಂದಲೂ ಬರುವ ಶಕ್ತಿ ಕಡಿಮೆ, ಹಾಗಾಗಿ ಅದರಿಂದ ಹೆಚ್ಚೇನೂ ಆಗುವುದಿಲ್ಲ.

ಇಲ್ಲಿ ಬಹಳ ಪುಸ್ತಕಗಳು ಒಂದು ಹೆಜ್ಜೆ ಬಿಟ್ಟುಬಿಡುತ್ತವೆ. ಕಿರಣವನ್ನು ಹೀರಿದ ಅಣು ಅದನ್ನು ಹಾಗೇ ಮರಳಿ ಉಗುಳುತ್ತದೆ ಎಂದು ಚಿತ್ರ ಬರೆಯುತ್ತಾರೆ. ನೆಲಮಟ್ಟದ ಗಾಳಿಯಲ್ಲಿ ಒಂದು ಅಣು ಸೆಕೆಂಡಿಗೆ ನೂರಾರು ಕೋಟಿ ಸಲ ಅಕ್ಕಪಕ್ಕದ ಅಣುಗಳಿಗೆ ಡಿಕ್ಕಿ ಹೊಡೆಯುತ್ತದೆ. ಉಗುಳುವುದಕ್ಕೆ ಪುರುಸೊತ್ತು ಸಿಗುವ ಮೊದಲೇ ಹೀರಿದ ಶಕ್ತಿ ಸಾರಜನಕ, ಆಮ್ಲಜನಕದ ಅಣುಗಳಿಗೆ ದಾಟಿಹೋಗಿರುತ್ತದೆ. ಅಂದರೆ ಆ ಸುತ್ತಿನ ಗಾಳಿಯೆಲ್ಲ ಕಾಯುತ್ತದೆ. ಹಾಗೆಯೇ ಡಿಕ್ಕಿಗಳಿಂದ ಶಕ್ತಿ ಪಡೆದ ಬೇರೆ ಇಂಗಾಲದ ಡೈಆಕ್ಸೈಡ್ ಅಣುಗಳು ಆಗಾಗ ಕಿರಣ ಹೊರಬಿಡುತ್ತವೆ. ಎಷ್ಟು ಹೊರಬಿಡುತ್ತವೆ ಎನ್ನುವುದು ಆ ಎತ್ತರದ ಗಾಳಿಯ ಉಷ್ಣತೆಯ ಮೇಲೆ ನಿಂತಿದೆ. ಬೆಚ್ಚಗಿನ ಗಾಳಿ ಹೆಚ್ಚು ಸೂಸುತ್ತದೆ, ತಣ್ಣನೆಯದು ಕಡಿಮೆ. ಇದೊಂದು ಮನಸ್ಸಿನಲ್ಲಿರಲಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಒಂದು ಹಳೆಯ ಆಕ್ಷೇಪಣೆ. 1896ರಲ್ಲಿ ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರ್ಹೇನಿಯಸ್ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಭೂಮಿ ಎಷ್ಟು ಕಾಯುತ್ತದೆ ಎಂದು ಕೈಲೆಕ್ಕ ಹಾಕಿದರು. 1900ರಲ್ಲಿ ಅವರದೇ ದೇಶದ ಕ್ನುಟ್ ಆಂಗ್‌ಸ್ಟ್ರಾಮ್ ಇದನ್ನು ತಳ್ಳಿಹಾಕಿದರು. ಕೊಳವೆಯೊಂದರಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಸಿ ಅದರ ಪ್ರಮಾಣ ಏರಿಳಿಸಿದರೂ ಹೀರಿಕೆ ಹೆಚ್ಚುಕಡಿಮೆ ಬದಲಾಗಲಿಲ್ಲ. 15 ಮೈಕ್ರಾನ್ ಸುತ್ತಲಿನ ಕಿರಣಗಳನ್ನೆಲ್ಲ ಇರುವ ಅನಿಲವೇ ಹೀರಿ ಮುಗಿಸುತ್ತಿದೆ. ಇನ್ನಷ್ಟು ಸೇರಿಸಿದರೆ ಹೀರಲು ಏನು ಉಳಿದಿದೆ ಎಂಬುದು ವಾದ. ಕೇಳಲು ಸರಿಯಾಗಿಯೇ ಇದೆ. ಇವತ್ತಿಗೂ ಈ ಮಾತು ಹೊಸ ಅಂಗಿ ತೊಟ್ಟು ಓಡಾಡುತ್ತದೆ. ಇದಕ್ಕೆ ಉತ್ತರ ಗೊತ್ತಿಲ್ಲದವರಿಗೆ ಹಸಿರುಮನೆ ಪರಿಣಾಮ ಅರ್ಧವೇ ಗೊತ್ತು ಎಂದೇ ನಮ್ಮ ಅಭಿಪ್ರಾಯ.

ಉತ್ತರ ಹೀಗಿದೆ. ನೆಲದಿಂದ ಹೊರಟ 15 ಮೈಕ್ರಾನ್ ಕಿರಣ ಕೆಲವೇ ಮೀಟರುಗಳಲ್ಲಿ ಹೀರಲ್ಪಡುತ್ತದೆ, ಒಪ್ಪೋಣ. ಆದರೆ ಭೂಮಿ ತಣ್ಣಗಾಗುವುದು ಬಾಹ್ಯಾಕಾಶಕ್ಕೆ ತಲುಪಿದ ಕಿರಣದಿಂದ ಮಾತ್ರ. ಹೀರಿಕೆ, ಸೂಸುವಿಕೆ ನಡೆಯುತ್ತ ನಡೆಯುತ್ತ ಶಕ್ತಿ ಮೇಲೇರುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಒಂದು ಎತ್ತರ ಬರುತ್ತದೆ, ಅಲ್ಲಿಂದ ಮೇಲಕ್ಕೆ ಸೂಸಿದ ಕಿರಣವನ್ನು ಹಿಡಿಯಲು ಸಾಕಷ್ಟು ಅಣುಗಳಿರುವುದಿಲ್ಲ. ಅಲ್ಲಿಂದ ಶಾಖ ಹೊರಗೆ ಜಾರುತ್ತದೆ. ಎಲ್ಲ ತರಂಗಗಳನ್ನೂ ಸೇರಿಸಿ ಸರಾಸರಿ ತೆಗೆದರೆ ಈ ಎತ್ತರ ಸುಮಾರು 5 ಕಿಲೋಮೀಟರ್. ಟ್ರೋಪೋಸ್ಫಿಯರಿನಲ್ಲಿ, ಅಂದರೆ ಮಳೆ ಮೋಡಗಳೆಲ್ಲ ಇರುವ ಕೆಳಗಿನ ಪದರದಲ್ಲಿ, ಕಿಲೋಮೀಟರಿಗೆ ಸುಮಾರು 6.5 ಡಿಗ್ರಿಯಂತೆ ಉಷ್ಣತೆ ಇಳಿಯುತ್ತದೆ. 5 ಕಿಲೋಮೀಟರಿಗೆ 33 ಡಿಗ್ರಿ ಹತ್ತಿರ ಬಂತು. 15ರಿಂದ 33 ಕಳೆದರೆ ಮೈನಸ್ 18. ಮೊದಲು ಹಾಕಿದ ಲೆಕ್ಕಕ್ಕೆ ಇದು ತಾಳೆಯಾಗುತ್ತದೆ.

ಈಗ ಇಂಗಾಲದ ಡೈಆಕ್ಸೈಡ್ ಸೇರಿಸಿ. ಮೊದಲು ಕಿರಣ ಜಾರುತ್ತಿದ್ದ ಎತ್ತರದಲ್ಲಿ ಈಗ ಅಣುಗಳು ಹೆಚ್ಚಾಗಿವೆ, ಕಿರಣ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹೊರಬೀಳುವ ಎತ್ತರ ಇನ್ನೂ ಮೇಲಕ್ಕೆ ಸರಿಯುತ್ತದೆ. ಮೇಲೆ ಗಾಳಿ ಹೆಚ್ಚು ತಣ್ಣಗಿದೆ. ತಣ್ಣಗಿನ ಗಾಳಿ ಕಡಿಮೆ ಸೂಸುತ್ತದೆ. ಒಳಬರುವುದು 240 ವ್ಯಾಟೇ, ಹೊರಹೋಗುವುದು ಕಡಿಮೆಯಾಯಿತು. ಆ ವ್ಯತ್ಯಾಸ ತುಂಬುವವರೆಗೆ ಕೆಳಗಿನದೆಲ್ಲ ಕಾಯಬೇಕು. ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಈ ಎತ್ತರ ಸುಮಾರು 150 ಮೀಟರ್ ಏರುತ್ತದೆ. 0.15 ಕಿಲೋಮೀಟರನ್ನು 6.5ರಿಂದ ಗುಣಿಸಿದರೆ ಸುಮಾರು 1 ಡಿಗ್ರಿ. ಬೇರೇನೂ ಬದಲಾಗದಿದ್ದರೆ ನೆಲಮಟ್ಟದಲ್ಲಿ ಬರುವ ಏರಿಕೆ ಅಷ್ಟು. ನಿಖರವಾದ ಲೆಕ್ಕಗಳು 1.1, 1.2 ಎನ್ನುತ್ತವೆ. ಆಂಗ್‌ಸ್ಟ್ರಾಮ್ ಅಳೆದ ಕೊಳವೆ ನೆಲಮಟ್ಟದ ಗಾಳಿಯ ಒಂದು ತುಂಡು. ತೀರ್ಮಾನವಾಗುವ ಜಾಗ ಕಿಲೋಮೀಟರುಗಟ್ಟಲೆ ಮೇಲಿತ್ತು.

ಸೇರಿಸಿದ ಪ್ರತಿಯೊಂದು ಪಾಲಿಗೂ ಸಮನಾದ ಪರಿಣಾಮವಿಲ್ಲ ಎನ್ನುವುದೂ ನಿಜ. 280ರಿಂದ 560 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಎಷ್ಟು ಎನ್ನುವ ಲೆಕ್ಕ) ಏರಿದರೆ ಎಷ್ಟು ಬಿಸಿಯೋ, 560ರಿಂದ 1,120ಕ್ಕೆ ಏರಿದರೂ ಹೆಚ್ಚುಕಡಿಮೆ ಅಷ್ಟೇ. ಪರಿಣಾಮ ಲಾಗರಿದಮ್ ರೀತಿಯಲ್ಲಿ ಬೆಳೆಯುತ್ತದೆ. ಇದನ್ನೇ ಹಿಡಿದು "ಇನ್ನು ಮುಂದೆ ಪರವಾಗಿಲ್ಲ" ಎನ್ನುವವರು ಲಾಗರಿದಮ್ಮಿಗೆ ಮೇಲ್ಮಿತಿ ಇಲ್ಲ ಎನ್ನುವುದನ್ನು ಮರೆಯುತ್ತಾರೆ.

ಈ ವಿವರಣೆ ಸರಿಯಿದ್ದರೆ ಒಂದು ವಿಚಿತ್ರ ಕಾಣಿಸಬೇಕು. ಸ್ಟ್ರ್ಯಾಟೋಸ್ಫಿಯರ್, ಅಂದರೆ ಓಝೋನ್ ಇರುವ ಮೇಲಿನ ಪದರ, ತಣ್ಣಗಾಗುತ್ತಿರಬೇಕು. ಅಲ್ಲಿ ಓಝೋನ್ ಬಿಸಿಲಿನ ಅತಿನೇರಳೆ ಕಿರಣ ಹೀರಿ ಗಾಳಿಯನ್ನು ಕಾಯಿಸುತ್ತದೆ, ಇಂಗಾಲದ ಡೈಆಕ್ಸೈಡ್ ಆ ಬಿಸಿಯನ್ನು ಹೊರಗೆ ಸೂಸಿ ತಣಿಸುತ್ತದೆ. ಸೂಸುವ ಅಣುಗಳು ಹೆಚ್ಚಾದರೆ ತಂಪು ಹೆಚ್ಚಬೇಕು. ಸ್ಯುಕುರೋ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರ ಕಂಪ್ಯೂಟರ್ ಲೆಕ್ಕದಲ್ಲಿ ಇದನ್ನು ಹೇಳಿದ್ದರು. ಉಪಗ್ರಹಗಳು, ಬಲೂನುಗಳು ಆಮೇಲೆ ಅದನ್ನೇ ಅಳೆದವು. ಬಿಸಿ ಏರಲು ಸೂರ್ಯನೇ ಕಾರಣವಾಗಿದ್ದರೆ ಕೆಳಗೂ ಮೇಲೂ ಎರಡೂ ಕಾಯಬೇಕಿತ್ತು. ಮನಾಬೆಯವರಿಗೆ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಬಾಟಲಿ ಪ್ರಯೋಗದ ಬದಲು ಏನು ತೋರಿಸಬಹುದು? ದೂರದಿಂದ ಗುರಿಯಿಟ್ಟು ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಹಣೆಗೆ ಹಿಡಿಯುವಂಥದ್ದು ಬೇಡ, ಅದರ ಅಳತೆಯ ವ್ಯಾಪ್ತಿ ಕಿರಿದು. ಮೈನಸ್ 50 ಡಿಗ್ರಿವರೆಗೆ ಓದುವ ಕಾರ್ಖಾನೆ ಬಳಕೆಯದು ಇರಲಿ. ರಾತ್ರಿ, ಮೋಡವಿಲ್ಲದ ಆಕಾಶದ ನೆತ್ತಿಗೆ ಹಿಡಿಯಿರಿ. ಓದು ಸುತ್ತಲಿನ ಗಾಳಿಗಿಂತ ಬಹಳ ಕೆಳಗೆ, ಒಣ ಹವೆಯಲ್ಲಿ ಸೊನ್ನೆಗಿಂತಲೂ ಎಷ್ಟೋ ಕೆಳಗೆ ಬರುತ್ತದೆ. ನೆತ್ತಿಯಿಂದ ದಿಗಂತದ ಕಡೆ ನಿಧಾನವಾಗಿ ಬಾಗಿಸಿದರೆ ಓದು ಏರುತ್ತದೆ, ಏಕೆಂದರೆ ಓರೆಯಾಗಿ ನೋಡುವಾಗ ದಾರಿಯಲ್ಲಿ ನೀರಾವಿ ಹೆಚ್ಚು. ತಗ್ಗಿನ ಮೋಡಕ್ಕೆ ಹಿಡಿದರೆ ಒಮ್ಮೆಲೇ ಮೋಡದ ತಳದ ಉಷ್ಣತೆಯ ಹತ್ತಿರಕ್ಕೆ ಜಿಗಿಯುತ್ತದೆ. ವಾತಾವರಣ ಕೆಳಕ್ಕೆ ಶಾಖ ಸೂಸುತ್ತದೆ ಎನ್ನುವುದು ಕೈಯಲ್ಲೇ ಕಾಣುತ್ತದೆ. ಜಾಗತಿಕ ಸರಾಸರಿಯಲ್ಲಿ ಹೀಗೆ ನೆಲಕ್ಕೆ ಬೀಳುವುದು ಚದರ ಮೀಟರಿಗೆ ಸುಮಾರು 340 ವ್ಯಾಟ್. ನೆಲ ನೇರವಾಗಿ ಬಿಸಿಲಿನಿಂದ ಹೀರುವುದರ ಎರಡು ಪಟ್ಟಿಗಿಂತ ಹೆಚ್ಚು. ಒಂದು ಎಚ್ಚರಿಕೆ: ಈ ಸಾಧನಗಳು ನೋಡುವುದು 8ರಿಂದ 14 ಮೈಕ್ರಾನ್ ಮಾತ್ರ. ನಡುವಿನ ಗಾಳಿ ಅಳತೆ ಕೆಡಿಸದಿರಲಿ ಎಂದೇ ಆ ಕಿಟಕಿಯನ್ನು ಆರಿಸಿರುತ್ತಾರೆ. ಹಾಗಾಗಿ ನಿಮಗೆ ಕಾಣುವುದು ನೀರಾವಿ ಮತ್ತು ಮೋಡದ ಶಾಖ, ಇಂಗಾಲದ ಡೈಆಕ್ಸೈಡಿನದಲ್ಲ.

ನೀರಾವಿಯ ಮಾತು ಬಂತು. ಹಸಿರುಮನೆ ಪರಿಣಾಮದಲ್ಲಿ ದೊಡ್ಡ ಪಾಲು ಅದರದ್ದೇ. ಆದರೂ ಹೊಣೆ ಅದರ ಮೇಲೆ ಹೊರಿಸುವಂತಿಲ್ಲ. ಗಾಳಿ ಎಷ್ಟು ನೀರಾವಿ ಹಿಡಿಯಬಲ್ಲದು ಎನ್ನುವುದನ್ನು ಉಷ್ಣತೆ ತೀರ್ಮಾನಿಸುತ್ತದೆ: 1 ಡಿಗ್ರಿಗೆ ಸುಮಾರು ಶೇ. 7. ಹೆಚ್ಚಾದದ್ದು ಹತ್ತು ದಿನದೊಳಗೆ ಮಳೆಯಾಗಿ ಇಳಿಯುತ್ತದೆ. ಇಂಗಾಲದ ಡೈಆಕ್ಸೈಡ್ ಒಂದಿಷ್ಟು ಬಿಸಿ ಮಾಡಿದರೆ ನೀರಾವಿ ಹೆಚ್ಚಿ ಅದನ್ನು ಸರಿಸುಮಾರು ದುಪ್ಪಟ್ಟು ಮಾಡುತ್ತದೆ. ಬಿಳಿ ಹಿಮ ಕರಗಿ ಕಡುಬಣ್ಣದ ಕಡಲು, ನೆಲ ಕಾಣಿಸಿಕೊಂಡರೆ ಬಿಸಿಲು ಇನ್ನಷ್ಟು ಹೀರಲ್ಪಡುತ್ತದೆ. ಮೋಡಗಳು ಯಾವ ಕಡೆ ಎಷ್ಟು ಎಳೆಯುತ್ತವೆ ಎನ್ನುವುದೇ ಲೆಕ್ಕದ ಅತ್ಯಂತ ತೊಡಕಿನ ಭಾಗ. ಎಲ್ಲ ಸೇರಿ, ಇಂಗಾಲದ ಡೈಆಕ್ಸೈಡ್ ದುಪ್ಪಟ್ಟಾದರೆ ಕೊನೆಗೆ ಬರುವ ಏರಿಕೆ 2.5ರಿಂದ 4 ಡಿಗ್ರಿಯೊಳಗೆ, ಹೆಚ್ಚಾಗಿ 3ರ ಹತ್ತಿರ ಇರುತ್ತದೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿ ಹೇಳುತ್ತದೆ.

ಇನ್ನು ಗಾಳಿಯಲ್ಲಿ ಎಷ್ಟಿದೆ, ಎಲ್ಲಿಂದ ಬಂತು. ಕೈಗಾರಿಕೆಗಳು ಬೆಳೆಯುವ ಮೊದಲು 280 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 280. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಶುರು ಮಾಡಿದಾಗ 315. ಈಗ 420 ದಾಟಿದೆ. ಅಂಟಾರ್ಕ್ಟಿಕಾದ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ಹೇಳುವ ಪ್ರಕಾರ ಕಳೆದ 8 ಲಕ್ಷ ವರ್ಷಗಳಲ್ಲಿ, ಕೈಗಾರಿಕಾ ಯುಗ ಬರುವವರೆಗೆ, 300ರ ಗಡಿಯನ್ನು ಅದು ಹೆಚ್ಚುಕಡಿಮೆ ಮೀರಿರಲಿಲ್ಲ.

ಸುಟ್ಟ ಇಂಧನದ ತೂಕಕ್ಕಿಂತ ಹೊಗೆಯ ತೂಕ ಹೆಚ್ಚು ಹೇಗೆ ಎಂದು ಕೆಲವರು ಬೆರಗಾಗುತ್ತಾರೆ. ಒಂದು ಲೀಟರ್ ಪೆಟ್ರೋಲ್ ಹಿಡಿದು ನೋಡಿ. ತೂಕ ಸುಮಾರು 0.74 ಕಿಲೋ, ಅದರಲ್ಲಿ ಶೇ. 86ರಷ್ಟು ಇಂಗಾಲ: 0.64 ಕಿಲೋ. ಇಂಗಾಲದ ಪರಮಾಣು ತೂಕ 12, ಇಂಗಾಲದ ಡೈಆಕ್ಸೈಡಿನ ಅಣು ತೂಕ 44. ಉಳಿದ 32 ಗಾಳಿಯ ಆಮ್ಲಜನಕದಿಂದ ಬಂದದ್ದು. 0.64ನ್ನು 44ರಿಂದ ಗುಣಿಸಿ 12ರಿಂದ ಭಾಗಿಸಿದರೆ 2.3 ಕಿಲೋ. ಡೀಸೆಲಿಗೆ ಲೀಟರಿಗೆ 2.6ರಿಂದ 2.7. ವರದಿಗಳನ್ನು ಓದುವಾಗ ಅಂಕಿ ಇಂಗಾಲದ್ದೋ ಇಂಗಾಲದ ಡೈಆಕ್ಸೈಡಿನದ್ದೋ ನೋಡಿಕೊಳ್ಳದಿದ್ದರೆ 3.67 ಪಟ್ಟು ತಪ್ಪಾಗುತ್ತದೆ. ಈ ತಪ್ಪು ಪತ್ರಿಕೆಗಳಲ್ಲಿ ಎಷ್ಟು ಸಾಮಾನ್ಯವೆಂದರೆ, ಅಂಕಿ ಅಸಂಬದ್ಧ ಎನಿಸಿದಾಗ ನಾವು ಮೊದಲು ಪರೀಕ್ಷಿಸುವುದು ಇದನ್ನೇ.

ಜಗತ್ತಿನ ಕಲ್ಲಿದ್ದಲು, ತೈಲ, ಅನಿಲ, ಸಿಮೆಂಟು ಸೇರಿ ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಕಾಡು ಕಡಿಯುವುದರಿಂದ ಇನ್ನೊಂದಿಷ್ಟು. 780 ಕೋಟಿ ಟನ್ನಿಗೆ ಗಾಳಿಯಲ್ಲಿ 1 ಪಿಪಿಎಂ ಏರಬೇಕು. ಆ ಲೆಕ್ಕದಲ್ಲಿ ವರ್ಷಕ್ಕೆ 5 ಪಿಪಿಎಂ ಏರಬೇಕಿತ್ತು. ಏರುತ್ತಿರುವುದು ಸುಮಾರು ಅದರ ಅರ್ಧ. ಉಳಿದರ್ಧವನ್ನು ಕಡಲು, ಗಿಡಮರ, ಮಣ್ಣು ಹೀರಿಕೊಳ್ಳುತ್ತಿವೆ. ಒಂದು ತೊಟ್ಟಿಗೆ ನಲ್ಲಿಯಿಂದ ಐದು ಪಾಲು ನೀರು ಬೀಳುತ್ತ ತೂಬಿನಿಂದ ಎರಡೂವರೆ ಪಾಲು ಹೋಗುತ್ತಿದ್ದರೆ, ನಲ್ಲಿಯನ್ನು ಸ್ವಲ್ಪ ತಿರುಗಿಸಿದ ಮಾತ್ರಕ್ಕೆ ನೀರಿನ ಮಟ್ಟ ಇಳಿಯುವುದಿಲ್ಲ, ಏರುವ ವೇಗ ಕಡಿಮೆಯಾಗುತ್ತದೆ ಅಷ್ಟೆ. "ಹೊರಸೂಸುವಿಕೆ ಶೇ. 5 ಇಳಿಯಿತು, ಆದರೂ ಪಿಪಿಎಂ ಏಕೆ ಏರಿತು?" ಎಂಬ ಪ್ರಶ್ನೆಗೆ ಇದೇ ಉತ್ತರ.

ಮೀಥೇನ್ ಬೇರೆ ಜಾತಿ. ಗಾಳಿಯಲ್ಲಿ ಸುಮಾರು 12 ವರ್ಷ ಇದ್ದು ಒಡೆದುಹೋಗುತ್ತದೆ, ಇರುವಷ್ಟು ಕಾಲ ಬಲವಾಗಿ ಕಾಯಿಸುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಇಂಗಾಲದ ಡೈಆಕ್ಸೈಡಿಗಿಂತ 100 ವರ್ಷದ ಲೆಕ್ಕದಲ್ಲಿ ಸುಮಾರು 28 ಪಟ್ಟು, 20 ವರ್ಷದ ಲೆಕ್ಕದಲ್ಲಿ 80 ಪಟ್ಟು. ಎರಡೂ ಸರಿ, ಯಾವ ಅವಧಿ ಎಂದು ಹೇಳದೆ ಒಂದನ್ನೇ ಮುಂದಿಡುವುದು ಸರಿಯಲ್ಲ. ನೈಟ್ರಸ್ ಆಕ್ಸೈಡ್ ಗೊಬ್ಬರ ಹಾಕಿದ ಮಣ್ಣಿನಿಂದ ಏಳುತ್ತದೆ, 100 ವರ್ಷಕ್ಕೂ ಹೆಚ್ಚು ಕಾಲ ಉಳಿಯುತ್ತದೆ, 100 ವರ್ಷದ ಲೆಕ್ಕದಲ್ಲಿ 273 ಪಟ್ಟು. ತಂಪುಪೆಟ್ಟಿಗೆ, ಕಾರಿನ ಎಸಿಯಲ್ಲಿ ಬಳಸುವ ಆರ್-134ಎ ಅನಿಲ ಅದೇ ಲೆಕ್ಕದಲ್ಲಿ ಸುಮಾರು 1,500 ಪಟ್ಟು. ಒಂದು ಕಿಲೋ ಸೋರಿದರೆ 650 ಲೀಟರ್ ಪೆಟ್ರೋಲ್ ಸುಟ್ಟಂತೆ. ರಿಪೇರಿಗೆ ಬಂದ ಯಂತ್ರದ ಅನಿಲವನ್ನು ಸಿಲಿಂಡರಿಗೆ ಎಳೆದುಕೊಳ್ಳದೆ ಗಾಳಿಗೆ ಬಿಡುವುದು ಏಕೆ ದೊಡ್ಡ ತಪ್ಪು ಎನ್ನುವುದಕ್ಕೆ ಈ ಅಂಕಿ ಸಾಕು. ಓಝೋನ್ ರಕ್ಷಣೆಯ ಮಾಂಟ್ರಿಯಲ್ ಒಪ್ಪಂದಕ್ಕೆ ತಂದ 2016ರ ಕಿಗಾಲಿ ತಿದ್ದುಪಡಿ ಇಂಥ ಅನಿಲಗಳನ್ನು ಹಂತಹಂತವಾಗಿ ತಗ್ಗಿಸಲೆಂದೇ ಬಂದದ್ದು.

ಮೀಥೇನ್ ತಗ್ಗಿಸುವ ಕೆಲಸ ಹೇಗಿರುತ್ತದೆ ಎನ್ನುವುದಕ್ಕೆ ಭತ್ತದ ಗದ್ದೆ ಒಳ್ಳೆಯ ಉದಾಹರಣೆ. ನೀರು ನಿಂತ ಕೆಲವೇ ದಿನಗಳಲ್ಲಿ ಮಣ್ಣಿನ ಆಮ್ಲಜನಕ ಮುಗಿಯುತ್ತದೆ, ಮೀಥೇನ್ ಹುಟ್ಟಿಸುವ ಸೂಕ್ಷ್ಮಜೀವಿಗಳು ಕೆಲಸ ಶುರು ಮಾಡುತ್ತವೆ. ಅನಿಲದ ಬಹುಪಾಲು ಭತ್ತದ ಕಾಂಡದೊಳಗಿನ ಗಾಳಿಕೊಳವೆಗಳ ಮೂಲಕವೇ ಹೊರಬರುತ್ತದೆ. ನಡುನಡುವೆ ಮಣ್ಣಿಗೆ ಗಾಳಿ ಆಡಿಸಿದರೆ ಇದು ಅರ್ಧದ ಹತ್ತಿರಕ್ಕೆ ಇಳಿಯಬಹುದು. ವಿಧಾನ ಸರಳ: ಬದಿಗೆ ತೂತು ಹೊಡೆದ ಕೊಳವೆಯನ್ನು ಗದ್ದೆಯಲ್ಲಿ ಹೂಳಿ, ಒಳಗಿನ ಮಣ್ಣು ತೆಗೆದು, ನೀರಿನ ಮಟ್ಟ ನೋಡುತ್ತಿರಬೇಕು. ನೆಲದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ 5 ಸೆಂಟಿಮೀಟರ್ ನಿಲ್ಲುವಷ್ಟು ಹಾಯಿಸಬೇಕು. ಕೆಡುವುದು ಎರಡು ಕಡೆ. ಹೂಬಿಡುವ ಹೊತ್ತಿನಲ್ಲಿ ಒಣಗಿಸಿದರೆ ಕಾಳು ಜೊಳ್ಳಾಗುತ್ತದೆ; ಆ ವಾರಗಳಲ್ಲಿ ನೀರು ನಿಂತೇ ಇರಬೇಕು. ಸಾರಜನಕ ಗೊಬ್ಬರ ಧಾರಾಳವಾಗಿ ಹಾಕಿದ ಗದ್ದೆ ಒದ್ದೆ-ಒಣ ಆಗುತ್ತಿದ್ದರೆ ನೈಟ್ರಸ್ ಆಕ್ಸೈಡ್ ಏಳುತ್ತದೆ, ಮೀಥೇನಿನಲ್ಲಿ ಗಳಿಸಿದ್ದರಲ್ಲಿ ಒಂದು ಪಾಲು ಅಲ್ಲಿ ಹೋಗುತ್ತದೆ.

ಸೇರಿದ ಶಾಖ ಎಲ್ಲಿದೆ? ಶೇ. 90ರಷ್ಟು ಕಡಲಿನಲ್ಲಿ. ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಅಳೆಯುತ್ತ ಮೇಲೆ ಬರುವ ಆರ್ಗೋ ತೇಲುಯಂತ್ರಗಳು, ಸುಮಾರು 4,000, ಇದನ್ನು ಲೆಕ್ಕವಿಡುತ್ತವೆ. 2006ರಿಂದ 2018ರ ನಡುವೆ ಭೂಮಿಗೆ ಸೇರುತ್ತಿದ್ದ ಹೆಚ್ಚುವರಿ ಶಾಖ ಚದರ ಮೀಟರಿಗೆ ಸುಮಾರು 0.8 ವ್ಯಾಟ್. ಅಲ್ಪವೆನಿಸಬಹುದು, ಭೂಮಿಯ ಮೇಲ್ಮೈಯಷ್ಟೂ ಗುಣಿಸಿದರೆ ಮನುಕುಲ ಬಳಸುವ ಒಟ್ಟು ಶಕ್ತಿಯ ಸುಮಾರು 20 ಪಟ್ಟು. ಎಂಜಿನ್ನುಗಳ, ಒಲೆಗಳ ನೇರ ಬಿಸಿಯಿಂದ ಭೂಮಿ ಕಾಯುತ್ತಿದೆ ಎನ್ನುವ ಊಹೆ ಇಲ್ಲಿಗೆ ಬಿದ್ದುಹೋಗುತ್ತದೆ. ಕಾದ ನೀರು ಹಿಗ್ಗುತ್ತದೆ, ನೆಲದ ಮೇಲಿನ ಹಿಮ ಕರಗಿ ಕಡಲಿಗೆ ಸೇರುತ್ತದೆ; 1901ರಿಂದ 2018ರವರೆಗೆ ಕಡಲಮಟ್ಟ 20 ಸೆಂಟಿಮೀಟರ್ ಏರಿತು.

ಇದೇ ವಿಷಯದ ಉಪನ್ಯಾಸವೊಂದರ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದ್ದೇವೆ.

ಜ್ವಾಲಾಮುಖಿಗಳು ನಮಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುವುದಿಲ್ಲವೇ? ಇಲ್ಲ, ನಮ್ಮದರ ನೂರರಲ್ಲೊಂದು ಪಾಲಿನಷ್ಟು. ದೊಡ್ಡ ಸ್ಫೋಟಗಳು ತಾತ್ಕಾಲಿಕವಾಗಿ ತಂಪನ್ನೇ ತರುತ್ತವೆ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಟೂಬೊ ಸಿಡಿದಾಗ ಮೇಲೇರಿದ ಗಂಧಕದ ಕಣಗಳು ಬಿಸಿಲನ್ನು ತಡೆದು ಜಾಗತಿಕ ಉಷ್ಣತೆಯನ್ನು ಸುಮಾರು ಅರ್ಧ ಡಿಗ್ರಿ ಇಳಿಸಿದವು. ಒಂದೆರಡು ವರ್ಷದಲ್ಲಿ ಕಣಗಳು ಇಳಿದುಹೋದವು.

ನಾವು ಉಸಿರು ಬಿಡುವುದೂ ಲೆಕ್ಕಕ್ಕೆ ಬರುತ್ತದೆಯೇ? ಬರುವುದಿಲ್ಲ. ಉಸಿರಿನ ಇಂಗಾಲ ಆಹಾರದ್ದು. ಆಹಾರಕ್ಕೆ ಅದು ಒಂದೆರಡು ವರ್ಷದ ಹಿಂದಿನ ಗಾಳಿಯಿಂದಲೇ ಬಂದದ್ದು. ಕಲ್ಲಿದ್ದಲಿನ ಇಂಗಾಲ ಕೋಟಿಗಟ್ಟಲೆ ವರ್ಷ ಹೂತಿದ್ದದ್ದು. ಅದರಲ್ಲಿ ಇಂಗಾಲ-14 (ಕಾಲ ಕಳೆದಂತೆ ತಾನೇ ಕ್ಷಯಿಸುವ ಇಂಗಾಲದ ಒಂದು ಬಗೆ) ಸ್ವಲ್ಪವೂ ಉಳಿದಿಲ್ಲ, ಅರ್ಧಾಯುಷ್ಯ 5,730 ವರ್ಷ ತಾನೆ. ಗಾಳಿಯ ಇಂಗಾಲದಲ್ಲಿ ಇಂಗಾಲ-14ರ ಪಾಲು ತೆಳುವಾಗುತ್ತಿರುವುದರಿಂದಲೇ ಹೆಚ್ಚುವರಿ ಎಲ್ಲಿಂದ ಬಂತೆಂದು ಗುರುತಿಸಲಾಗುತ್ತದೆ. ಜೊತೆಗೆ ಗಾಳಿಯ ಆಮ್ಲಜನಕವೂ ಸುಡುವಿಕೆಗೆ ತಕ್ಕಂತೆ ತುಸು ತುಸುವೇ ಇಳಿಯುತ್ತಿದೆ, ಉಸಿರಾಟಕ್ಕೆ ತೊಂದರೆಯಾಗುವಷ್ಟೇನಲ್ಲ.

ಇವತ್ತು ಎಲ್ಲ ನಿಲ್ಲಿಸಿದರೆ? ಇಂಗಾಲದ ಡೈಆಕ್ಸೈಡಿನ ಹೊರಸೂಸುವಿಕೆ ನಿವ್ವಳ ಸೊನ್ನೆಗೆ ಬಂದರೆ, ಅಂದರೆ ಬಿಟ್ಟಷ್ಟನ್ನೂ ನಾವೇ ಮರಳಿ ಹೀರುವಂತಾದರೆ, ಉಷ್ಣತೆಯ ಏರಿಕೆ ಹೆಚ್ಚುಕಡಿಮೆ ಅಲ್ಲಿಗೆ ನಿಲ್ಲುತ್ತದೆ. ಹಿಂದಿನ ಮಟ್ಟಕ್ಕೆ ಇಳಿಯುವುದಿಲ್ಲ, ಏಕೆಂದರೆ ಬಿಟ್ಟದ್ದರಲ್ಲಿ ಗಣನೀಯ ಪಾಲು ಸಾವಿರ ವರ್ಷದ ನಂತರವೂ ಗಾಳಿಯಲ್ಲಿರುತ್ತದೆ. ಪ್ರತಿ 1 ಲಕ್ಷ ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸುಮಾರು 0.45 ಡಿಗ್ರಿ ಏರಿಕೆ ಎನ್ನುವುದು ಐಪಿಸಿಸಿಯ ಅಂದಾಜು. ಮೀಥೇನ್ ಇಳಿಸಿದರೆ ಮಾತ್ರ ಒಂದೆರಡು ದಶಕಗಳಲ್ಲೇ ತುಸು ತಂಪು ಕಾಣಬಹುದು. ಕಲ್ಲಿದ್ದಲಿನ ಹೊಗೆಯ ಜೊತೆಗೆ ಗಂಧಕದ ಕಣಗಳೂ ವಾರಗಳೊಳಗೆ ಇಳಿದುಹೋಗುವುದರಿಂದ ಅವು ಮುಚ್ಚಿಟ್ಟಿದ್ದ ಒಂದಿಷ್ಟು ಬಿಸಿ ಹೊರಬೀಳುತ್ತದೆ. ಈ ಎರಡು ಒಂದನ್ನೊಂದು ಎಷ್ಟು ಸರಿದೂಗಿಸುತ್ತವೆ ಎನ್ನುವುದು ಯಾವುದನ್ನು ಮೊದಲು ನಿಲ್ಲಿಸುತ್ತೇವೆ ಎಂಬುದರ ಮೇಲೆ ನಿಂತಿದೆ. ಕಡಲಮಟ್ಟ ಮಾತ್ರ ಆಮೇಲೂ ಶತಮಾನಗಟ್ಟಲೆ ಏರುತ್ತಿರುತ್ತದೆ. ಆಳದ ನೀರು ಕಾಯುವುದೂ ನಿಧಾನ, ಹಿಮದ ಹಾಸು ಕರಗುವುದೂ ನಿಧಾನ.